ಹಾಸಿಗೆ ಮೇಸ್ತ್ರಿಯ ಹೆಸರಾಂತ ನಿದ್ದೆ

ಆ ಬೀದಿಯ ಅಂಗಡಿಗಳಿಗೆಲ್ಲ ಬಣ್ಣಬಣ್ಣದ ಬೋರ್ಡುಗಳಿದ್ದವು. ಹಾಸಿಗೆ ಅಂಗಡಿಗೆ ಮಾತ್ರ ಯಜಮಾನನೇ ಬೋರ್ಡು. ಮಧ್ಯಾಹ್ನದ ಊಟ ಮುಗಿಸಿ, ಕೈ ಒರೆಸಿಕೊಂಡು, ಮುಂಭಾಗದ ದೊಡ್ಡ ಗಾಜಿನ ಹಿಂದಿರುವ ಮಂಚದ ಮೇಲೆ ಆ ವಾರ ಹೊಲಿದ ಹೊಸ ಹಾಸಿಗೆ ಹಾಸಿ, ಚಪ್ಪಲಿ ಕಳಚಿ, ಅವನು ಬೀದಿಯವರೆಲ್ಲರ ಕಣ್ಣೆದುರೇ ಮಲಗುತ್ತಿದ್ದ. ತಲೆ ದಿಂಬಿಗೆ ತಾಗಿತೋ ಇಲ್ಲವೋ, ಗೊರಕೆ ಶುರು. ಗಾಜು ಸಣ್ಣಗೆ ಅದುರುತ್ತಿತ್ತು. ಹಾಸಿಗೆ ಕೊಳ್ಳಲು ಬಂದವರು ಹತ್ತಿ ಯಾವುದು, ಬಟ್ಟೆ ಯಾವುದು ಎಂದು ಕೇಳುವುದನ್ನೂ ಮರೆತು ಅವನ ಮುಖವನ್ನೇ ನೋಡುತ್ತ ನಿಂತುಬಿಡುತ್ತಿದ್ದರು. ಇಷ್ಟು ಬೇಗ ನಿದ್ದೆ ಬರಿಸುವ ಹಾಸಿಗೆಗೆ ಬೇರೆ ಸಾಕ್ಷಿ ಯಾಕೆ ಬೇಕು?

ಎಲ್ಲರೂ ಅವನನ್ನು ಹಾಸಿಗೆ ಮೇಸ್ತ್ರಿ ಎನ್ನುತ್ತಿದ್ದರು. ಎದುರಿನ ಕ್ಷೌರದಂಗಡಿಯವನು ತನ್ನಲ್ಲಿ ಕಾದು ಬೇಸತ್ತ ಗಿರಾಕಿಗಳನ್ನು, ಅಲ್ಲಿವರೆಗೂ ಹೋಗಿ ಮೇಸ್ತ್ರಿಯ ನಿದ್ದೆ ನೋಡಿಕೊಂಡು ಬನ್ನಿ ಎಂದು ಕಳಿಸುತ್ತಿದ್ದ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಆ ಗಾಜಿನ ಮುಂದೆ ದಿನಕ್ಕೊಬ್ಬರ ಬಾಯಲ್ಲಾದರೂ ಬರುತ್ತಿತ್ತು. ಮೇಸ್ತ್ರಿಗೆ ಈ ಮಾತು ಬಲು ಹಿತ. ನಿದ್ದೆಯ ವಿಷಯದಲ್ಲಿ ತನ್ನಷ್ಟು ಸುಖಿ ಇನ್ನೊಬ್ಬನಿಲ್ಲ ಎಂದು ಅವನು ನಂಬಿದ್ದ.

ಪಾಪ, ಅದು ಹಾಸಿಗೆಯ ಗುಣವಲ್ಲ, ಮೇಸ್ತ್ರಿಯ ಕಾಯಿಲೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಅವನಿಗಂತೂ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಹಾಸಿಗೆ ಹೊಲಿಯುವವನಿಗೆ ನಿದ್ದೆಯ ಸಂಗತಿಯೆಲ್ಲ ಹಾಸಿಗೆಯ ಸಂಗತಿಯೇ.

ಕಸುಬು ಅವನಿಗೆ ಬಂದದ್ದು ಸೋದರಮಾವನಿಂದ. ಹತ್ತಿಯನ್ನು ನೊರೆಯಂತೆ ಹಿಂಜುವುದು, ಗವಸಿನೊಳಗೆ ಪದರ ಪದರವಾಗಿ ಹರಡುವುದು, ಕೋಲಿನಿಂದ ಬಡಿದು ಸಮ ಮಾಡುವುದು, ಉದ್ದನೆಯ ದಬ್ಬಣದಿಂದ ಮೇಲಿಂದ ಕೆಳಕ್ಕೆ ದಾರ ಎಳೆದು ಗಂಟು ಬಿಗಿಯುವುದು, ಇಷ್ಟನ್ನೂ ಮಾವ ಬೈದು ಬೈದೇ ಕಲಿಸಿದ್ದ. ಆಗ ಅವನು ಆ ದಬ್ಬಣಕ್ಕೆ ಅಣ್ಣನೋ ತಮ್ಮನೋ ಅನ್ನುವಷ್ಟು ಸಣಕಲು. ಮದುವೆಯಾಯಿತು, ಸ್ವಂತ ಅಂಗಡಿಯಾಯಿತು, ಹತ್ತಿ ಹಿಂಜುವ ಯಂತ್ರ ಬಂತು, ಸಾಮಾನು ಮುಟ್ಟಿಸಲು ಒಂದು ವ್ಯಾನು ಬಂತು. ಒಂದೊಂದು ಬಂದಾಗಲೂ ಮೇಸ್ತ್ರಿ ಸ್ವಲ್ಪ ಸ್ವಲ್ಪ ತುಂಬಿಕೊಂಡ. ಹೊಟ್ಟೆ ಮುಂದೆ ಬಂತು, ಗದ್ದ ಎರಡಾಯಿತು, ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕಾಯಿತು. ಇದನ್ನೆಲ್ಲ ಸರಿದೂಗಿಸಲೆಂಬಂತೆ ಅವನು ಒಂದು ಭಾರಿ ಮೀಸೆ ಬಿಟ್ಟ.

ಅವನ ಹೆಂಡತಿ ಅಂಗಡಿಯ ಹಿಂಭಾಗದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಗವಸು ಹೊಲಿಯುತ್ತಿದ್ದಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಹಾಸಿಗೆ ಮುಟ್ಟಿಸಲು ಹೊರಟಾಗ ಮೇಸ್ತ್ರಿ ಸ್ಟೇರಿಂಗು ಹಿಡಿದರೆ ಅವಳು ಮಾತು ಹಿಡಿಯುತ್ತಿದ್ದಳು. ಯಾರ ಮನೆಯ ಗೋಡೆ ಬಿರುಕು ಬಿಟ್ಟಿದೆ, ಯಾರ ಸೊಸೆ ಯಾರ ಅತ್ತೆಗೆ ಏನಂದಳು, ಒಂದನ್ನೂ ಬಿಡದೆ ದಾರಿಯುದ್ದಕ್ಕೂ ಹೇಳುತ್ತಿದ್ದಳು. ಮಾತಿನ ನಡುವೆ ಆಗಾಗ ಅವನ ತೋಳು ಚಿವುಟುತ್ತಿದ್ದಳು. ಹೆಂಗಸಿಗೆ ತನ್ನ ಮೇಲೆ ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎಂದುಕೊಂಡು ಮೇಸ್ತ್ರಿ ಮೀಸೆಯಡಿ ನಗುತ್ತಿದ್ದ.

ಮೊದಲು ಬಂದದ್ದು ಬೆಳಗಿನ ತಲೆನೋವು. ಎದ್ದ ಕೂಡಲೇ ಹಣೆಯ ಮೇಲೆ ಕಲ್ಲು ಇಟ್ಟಂತೆ ಭಾರ. ದಿಂಬು ಗಟ್ಟಿಯಾಗಿದೆ ಎಂದು ಮೇಸ್ತ್ರಿ ತೀರ್ಪು ಕೊಟ್ಟು, ದಿಂಬು ಬಿಚ್ಚಿ ಹತ್ತಿ ಹಿಂಜಿ ಮತ್ತೆ ತುಂಬಿದ. ತಲೆನೋವು ಜಗ್ಗಲಿಲ್ಲ. ಏಳುವಾಗ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಳ್ಳತೊಡಗಿತು. ಅದು ಹೊಸ ಬಟ್ಟೆಯ ದೂಳು ಎಂದ. ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ದಿಗ್ಗನೆ ಎದ್ದು ಕೂರುವುದು ಶುರುವಾಯಿತು. ಹತ್ತಿಯ ಎಳೆ ಗಂಟಲಿಗೆ ಹೋಗಿರಬೇಕು, ಈ ಕಸುಬಿನವರಿಗೆ ಇದು ಇದ್ದದ್ದೇ ಎಂದ. ರಾತ್ರಿ ಮತ್ತೆ ಮತ್ತೆ ಬಚ್ಚಲಿಗೆ ಎದ್ದು ಹೋಗುವುದಕ್ಕೂ ಅವನ ಬಳಿ ಉತ್ತರವಿತ್ತು. ಹಾಸಿಗೆ ತಂಪು ಹಿಡಿದಿದೆ ಎಂದ.

ಹೀಗೆ ಹತ್ತಿಯ ಹಾಸಿಗೆ ಹೋಗಿ ಬೂರುಗದ ಹತ್ತಿ ಬಂತು, ಬೂರುಗ ಹೋಗಿ ತೆಂಗಿನ ನಾರು ಬಂತು, ನಾರು ಹೋಗಿ ಸ್ಪಂಜು, ಸ್ಪಂಜು ಹೋಗಿ ಸ್ಪ್ರಿಂಗು. ನಿಮ್ಮ ಹಾಸಿಗೆಯನ್ನು ನೀವು ಬಿಚ್ಚಿ ಹೊಲಿದಷ್ಟು ಸಲ ಗಿರಾಕಿಗಳದ್ದನ್ನು ಹೊಲಿದಿದ್ದರೆ ನಾವು ಇನ್ನೊಂದು ಅಂಗಡಿ ಇಡಬಹುದಿತ್ತು ಎಂದು ಹೆಂಡತಿ ಹಂಗಿಸುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಸೇರಿಸುತ್ತಿದ್ದಳು. ಮೇಸ್ತ್ರಿಗೆ ಮೊದಲಾಗಿದ್ದರೆ ನಗು ಬರುತ್ತಿತ್ತು. ಈಗ ಸಿಟ್ಟು ಬರುತ್ತಿತ್ತು. ಬೀದಿಗೆಲ್ಲ ತಮಾಷೆ ಹಂಚುತ್ತಿದ್ದ ಮನುಷ್ಯ ದಾರದ ಉಂಡೆ ಸಿಗದಿದ್ದರೂ ಸಿಡುಕತೊಡಗಿದ. ಹೇಳಿದ ಅಳತೆ ಮರೆಯುತ್ತಿದ್ದ. ಕೂತಲ್ಲಿ, ನಿಂತಲ್ಲಿ ತೂಕಡಿಸುತ್ತಿದ್ದ. ಕ್ಷೌರದ ಕುರ್ಚಿಯಲ್ಲಿ ಗದ್ದ ಎದೆಗೆ ಬೀಳುತ್ತಿದ್ದರಿಂದ ಕ್ಷೌರದವನು ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಮೇಸ್ತ್ರಿಯ ತಲೆ ಹಿಡಿದು ಕೆಲಸ ಮಾಡಬೇಕಿತ್ತು.

ಒಂದು ದಿನವಂತೂ ದಬ್ಬಣ ಹಿಡಿದೇ ತೂಕಡಿಸಿ, ಹಾಸಿಗೆಯ ಅಂಚಿನ ಜೊತೆ ತನ್ನ ಅಂಗಿಯ ತುದಿಯನ್ನೂ ಸೇರಿಸಿ ಹೊಲಿದುಬಿಟ್ಟ. ಗಿರಾಕಿ ಬಂದರೆಂದು ಏಳಹೋದರೆ ಹಾಸಿಗೆಯೂ ಅವನೊಂದಿಗೆ ಎದ್ದಿತು. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಸ್ತ್ರಿಯೂ ನಕ್ಕ, ಯಾಕೆಂದರೆ ನಗದಿದ್ದರೆ ಅಳಬೇಕಾಗುತ್ತಿತ್ತು. ಒಳಗೊಳಗೇ ಅವನಿಗೆ ಅಂಜಿಕೆ ಹತ್ತಿತ್ತು. ಮಲಗಿದಷ್ಟೂ ಆಯಾಸ ಹೆಚ್ಚುತ್ತಿತ್ತು, ಆಯಾಸವಾದಷ್ಟೂ ಮಲಗಬೇಕೆನಿಸುತ್ತಿತ್ತು. ವಯಸ್ಸಾಯಿತು ಎಂದು ಸುಮ್ಮನಾದ.

ಆಮೇಲೆ ಆ ಹಲ್ಲಿನ ಪ್ರಸಂಗ ನಡೆಯಿತು. ಹೆಂಡತಿ ಹುಳುಕಾದ ದವಡೆ ಹಲ್ಲು ಕೀಳಿಸಿ, ಬಾಯಿ ತುಂಬ ಹತ್ತಿ ಇಡಿಸಿಕೊಂಡು ಬಂದಿದ್ದಳು. ಕೊನೆಗೂ ಹತ್ತಿಗೆ ಸರಿಯಾದ ಜಾಗ ಸಿಕ್ಕಿತು ಎಂದು ಮೇಸ್ತ್ರಿ ಕುಚೋದ್ಯ ಮಾಡಿದ. ಬಾಯಿ ಬಿಡುವಂತಿಲ್ಲವಾದ್ದರಿಂದ ಅವಳು ಕಣ್ಣಲ್ಲೇ ಬೈದಳು. ಅದೇ ಹೊತ್ತಿಗೆ ಒಂದು ಮನೆಗೆ ಹಾಸಿಗೆಗಳನ್ನು ಮುಟ್ಟಿಸಬೇಕಿತ್ತು. ವ್ಯಾನಿನ ನೆತ್ತಿಗೆ ಹಾಸಿಗೆ ಕಟ್ಟಿ ಇಬ್ಬರೂ ಹೊರಟರು. ಕೊಂಡಾಗಿನಿಂದ ಆ ವ್ಯಾನಿನಲ್ಲಿ ಅಷ್ಟು ನಿಶ್ಶಬ್ದ ಯಾವತ್ತೂ ಇರಲಿಲ್ಲ.

ಇಳಿಜಾರಿನ ಕೊನೆಯಲ್ಲಿ ಸಿಗ್ನಲ್ಲು ಕೆಂಪಾಯಿತು. ಮೇಸ್ತ್ರಿ ಬ್ರೇಕು ಒತ್ತಿ ನಿಲ್ಲಿಸಿದ. ದೀಪ ನೋಡುತ್ತ ನೋಡುತ್ತ ಅವನ ಕಣ್ಣು ಮುಚ್ಚಿತು. ಕಾಲು ಸಡಿಲವಾಯಿತು. ವ್ಯಾನು ಮೆಲ್ಲಗೆ ಉರುಳಿ ಜನ ದಾಟುವ ಪಟ್ಟೆಯ ಮೇಲೆ ಹೋಯಿತು. ಊರುಗೋಲು ಹಿಡಿದು ದಾಟುತ್ತಿದ್ದ ಮುದುಕರೊಬ್ಬರು ಗಾಬರಿಯಿಂದ ಹಿಂದೆ ಸರಿದರು. ಹೆಂಡತಿ ಸ್ಟೇರಿಂಗು ಹಿಡಿದೆಳೆದಳು. ವ್ಯಾನು ಫುಟ್‌ಪಾತ್ ಹತ್ತಿ ದೀಪದ ಕಂಬದತ್ತ ನುಗ್ಗಿತು. ಹತ್ತಿದ ಏಟಿಗೆ ಹಗ್ಗ ಜಾರಿ, ಮೇಲಿದ್ದ ಹಾಸಿಗೆ ಮುಂದಕ್ಕೆ ಬಿದ್ದು, ಕಂಬಕ್ಕೂ ವ್ಯಾನಿಗೂ ನಡುವೆ ಸಿಕ್ಕಿಕೊಂಡಿತು. ಧಡ್ ಎನ್ನಬೇಕಾದದ್ದು ಬುಸ್ ಎಂದಿತು.

ಯಾರಿಗೂ ಒಂದು ಗೀರೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಮೇಸ್ತ್ರಿ ಇದನ್ನು ಒಳ್ಳೆಯ ಕಥೆಯಾಗಿ ಹೆಣೆದು ಕ್ಷೌರದಂಗಡಿಯಲ್ಲಿ ಹೇಳುತ್ತಿದ್ದ. ನಮ್ಮ ಹಾಸಿಗೆ ಮನುಷ್ಯರನ್ನಷ್ಟೇ ಅಲ್ಲ, ವ್ಯಾನನ್ನೂ ಹೊತ್ತುಕೊಳ್ಳುತ್ತದೆ ಎಂದ. ಕ್ಷೌರದವನು ನಗು ತಡೆಯಲಾರದೆ ಕತ್ತಿ ಕೆಳಗಿಟ್ಟ. ಹೆಂಡತಿ ಮಾತ್ರ ನಗಲಿಲ್ಲ. ಹಲ್ಲುನೋವಿಗೆ ಎಂದು ಎಲ್ಲರೂ ಅಂದುಕೊಂಡರು. ಮರುದಿನ ಬಾಯಿಯ ಹತ್ತಿ ತೆಗೆದ ಮೇಲೆ ಅವಳು ಆಡಿದ ಮೊದಲ ಮಾತು, ಕೀಲಿ ಕೊಡಿ ಎಂದು.

"ಯಾಕೆ?" ಎಂದ ಮೇಸ್ತ್ರಿ.

"ಆ ಅಜ್ಜ ಒಂದು ಹೆಜ್ಜೆ ನಿಧಾನ ಮಾಡಿದ್ರೆ ಏನು ಗತಿಯಾಗ್ತಿತ್ತು ರೀ? ಡಾಕ್ಟರಿಗೆ ತೋರಿಸೋ ತನಕ ನೀವು ವ್ಯಾನು ಮುಟ್ಟಕೂಡದು."

ಕೀಲಿ ಅವಳ ಸೂಜಿ ಡಬ್ಬಿ ಸೇರಿತು. ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ನಿದ್ದೆ ಬಾರದವರು ಡಾಕ್ಟರ ಹತ್ತಿರ ಹೋಗುತ್ತಾರೆ, ನಿದ್ದೆ ಚೆನ್ನಾಗಿ ಬರುವವನು ಹೋಗಿ ಏನೆಂದು ಹೇಳಬೇಕು? ಸ್ವಾಮಿ, ನನಗೆ ಸುಖ ಜಾಸ್ತಿಯಾಗಿದೆ, ಕಡಿಮೆ ಮಾಡಿ ಅಂತಲೇ? ಊರಿಗೇ ನಿದ್ದೆ ಮಾರುವವನಿಗೆ ನಿದ್ದೆಯ ಕಾಯಿಲೆ ಎಂದು ಗೊತ್ತಾದರೆ ಅಂಗಡಿಯೇನಾಗಬೇಕು? ಅವನು ತಳ್ಳುಗಾಡಿಯವನನ್ನು ಗೊತ್ತುಮಾಡಿ ಹಾಸಿಗೆ ಕಳಿಸತೊಡಗಿದ. ಹೆಂಡತಿಯ ಜೊತೆ ಮಾತು ಬಿಟ್ಟ. ಅವಳು ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿಕೊಂಡು ಗವಸು ಹೊಲಿದಳು.

ಒಂದು ಬೆಳಿಗ್ಗೆ ಅವನು ಅಂಗಡಿ ಗುಡಿಸುತ್ತಿದ್ದಾಗ ಅವಳು ಹತ್ತಿ ಹಿಂಜುವ ಯಂತ್ರ ಚಾಲೂ ಮಾಡಿ, ಬನ್ನಿ ಇಲ್ಲಿ ಎಂದು ಕರೆದಳು. ಅವನು ಮುಖ ಊದಿಸಿಕೊಂಡೇ ಹೋದ. ಅವಳು ಬಿಡಿಸದೇ ಇದ್ದ ಹತ್ತಿಯ ಗಟ್ಟಿ ಉಂಡೆಯೊಂದನ್ನು ಎತ್ತಿ ಹಾಗೇ ಯಂತ್ರದ ಬಾಯಿಗೆ ತುರುಕಿದಳು. ಯಂತ್ರ ಗೊರ್ ಎಂದಿತು, ಗೊರ್ ಗೊರ್ ಎಂದಿತು, ಆಮೇಲೆ ಸದ್ದು ನಿಂತಿತು. ಮೋಟಾರು ಮಾತ್ರ ಒಳಗೇ ಮುಲುಗುತ್ತಿತ್ತು. ಹತ್ತಿ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಗಕ್ ಎಂದು ಒಮ್ಮೆ ಜಗ್ಗಿ, ಅಷ್ಟು ನುಂಗಿ, ಮತ್ತೆ ಗೊರ್ ಎಂದಿತು. ಮತ್ತೆ ನಿಂತಿತು. ಮೇಸ್ತ್ರಿ ಪೊರಕೆ ಎಸೆದು ಹೋಗಿ ಸ್ವಿಚ್ಚು ಆರಿಸಿದ.

"ತಲೆಗಿಲೆ ಕೆಟ್ಟಿದೆಯೇನೇ ನಿನಗೆ? ಹೀಗೆ ಸಿಕ್ಕಿಹಾಕ್ಕೊಂಡು ಸಿಕ್ಕಿಹಾಕ್ಕೊಂಡು ಓಡಿದ್ರೆ ಮೋಟಾರು ಸುಟ್ಟುಹೋಗುತ್ತೆ."

"ಹೌದಲ್ಲ. ನೀವು ರಾತ್ರಿಯೆಲ್ಲ ಹೀಗೇ ಓಡ್ತೀರಿ" ಎಂದಳು ಅವಳು. "ಗೊರಕೆ ಬರುತ್ತೆ, ಬರುತ್ತೆ, ನಿಂತುಬಿಡುತ್ತೆ. ಎದೆ ಏಳುತ್ತೆ, ಬೀಳುತ್ತೆ, ಮೂಗಲ್ಲಿ ಉಸಿರೇ ಇಲ್ಲ. ಆಮೇಲೆ ನೀರಲ್ಲಿ ಮುಳುಗಿದೋರು ಮೇಲೆ ಬಂದ ಹಾಗೆ ಗಕ್ ಅಂತ ಒಂದು ಸಲ ಎಳ್ಕೋತೀರಿ. ಅಲ್ಲಿವರೆಗೂ ನಾನು ಕಾಯ್ತಾ ಇರ್ತೀನಿ. ತುಂಬ ಹೊತ್ತಾದ್ರೆ ಒದೀತೀನಿ."

"ಗೊರಕೆ ತಡೀಲಾರದೆ ಒದೀತೀಯ ಅಂದ್ಕೊಂಡಿದ್ದೆ."

"ಗೊರಕೆ ಇದ್ರೆ ನನಗೆ ನೆಮ್ಮದಿ ರೀ. ನಿಂತ್ರೇ ಭಯ."

ಮೇಸ್ತ್ರಿ ಯಂತ್ರದ ಬಾಯಿಂದ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸುತ್ತ ನಿಂತ. ಯಾವಾಗಿನಿಂದ ಹೀಗೆ ಎಂದು ಕೊನೆಗೆ ಕೇಳಿದ. ನಾರಿನ ಹಾಸಿಗೆಗೂ ಮುಂಚಿನಿಂದ ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, ಎಲ್ಲ ಗಂಡಸರೂ ಹೀಗೇ ಮಲಗುತ್ತಾರೆ ಅಂದುಕೊಂಡಿದ್ದೆ, ಬೇರೆಯವರು ಮಲಗೋದನ್ನ ನಾನೆಲ್ಲಿ ನೋಡಿದ್ದೀನಿ ಎಂದಳು. ಮೇಸ್ತ್ರಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ನಗುತ್ತಲೇ ಅವಳ ಮುಖ ನೋಡಿದ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅದು ಸೂಜಿಗೆ ಕಣ್ಣು ಕೊಟ್ಟು ಕೊಟ್ಟು ಬಂದದ್ದು ಎಂದು ಇಷ್ಟು ದಿನ ನಂಬಿದ್ದನಲ್ಲ ಎಂದು ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ವ್ಯಾನಿನ ಮಾತು, ಚಿವುಟುವಿಕೆ, ಎಲ್ಲ ತನ್ನನ್ನು ಎಚ್ಚರವಾಗಿಡಲು ಎಂಬುದೂ ಆಗಲೇ ತಲೆಗೆ ಹೋಯಿತು.

ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತ ಕೂತಲ್ಲೇ ಅವನಿಗೆ ನಿದ್ದೆ ಹತ್ತಿತು. ಹೆಸರು ಕೂಗಿದರೂ ಏಳಲಿಲ್ಲ. ಗೊರಕೆ ಕೇಳಿ ಡಾಕ್ಟರಮ್ಮ ತಾವೇ ಹೊರಗೆ ಬಂದು, ಎಬ್ಬಿಸಲು ಹೋದ ಹೆಂಡತಿಯನ್ನು ಕೈಸನ್ನೆಯಿಂದ ತಡೆದು, ಸ್ವಲ್ಪ ಹೊತ್ತು ಅವನ ಗಂಟಲು, ಎದೆ ನೋಡುತ್ತ ನಿಂತರು. ಅರ್ಧ ಪರೀಕ್ಷೆ ಇಲ್ಲೇ ಆಯಿತು ಎಂದರು. ಒಳಗೆ ಕರೆದು ಕತ್ತಿಗೆ ಟೇಪು ಹಿಡಿದು ಅಳೆದರು. ಮೇಸ್ತ್ರಿ ಬದುಕಿಡೀ ಟೇಪು ಹಿಡಿದವನಾದ್ದರಿಂದ, ಅಮ್ಮಾ, ಸ್ವಲ್ಪ ಸಡಿಲ ಬಿಟ್ಟಿದ್ದೀರಿ ಎಂದು ತಿದ್ದಿದ. ಡಾಕ್ಟರಮ್ಮ ಬಿಗಿ ಮಾಡಿದರು. ಅಳತೆ ಇನ್ನೂ ಅವರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಬಿ.ಪಿ.ಯೂ ಏರಿತ್ತು.

ಆಮೇಲೆ ಪ್ರಶ್ನೆಗಳು. ಬೆಳಿಗ್ಗೆ ತಲೆನೋವು ಬರುತ್ತಾ, ಬಾಯಿ ಒಣಗುತ್ತಾ, ಉಸಿರು ಕಟ್ಟಿ ಎಚ್ಚರವಾಗುತ್ತಾ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತೀರಾ, ಮರೆವು, ಸಿಡುಕು, ಹಗಲು ಕೂತಲ್ಲಿ ತೂಕಡಿಕೆ ಉಂಟಾ? ಪ್ರತಿಯೊಂದಕ್ಕೂ ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಹೆಂಡತಿ ಹೌದು ಎನ್ನುತ್ತಿದ್ದಳು. ದಿಂಬು, ದೂಳು, ಹತ್ತಿಯ ಎಳೆ, ತಂಪು ಎಂದು ತಾನು ಬೇರೆ ಬೇರೆ ಗೂಟಕ್ಕೆ ಕಟ್ಟಿದ್ದ ದನಗಳನ್ನೆಲ್ಲ ಈ ಡಾಕ್ಟರಮ್ಮ ಒಂದೇ ಹಗ್ಗದಲ್ಲಿ ಹಿಡಿದುಕೊಂಡು ಬರುತ್ತಿದ್ದಾರಲ್ಲ ಎಂದು ಮೇಸ್ತ್ರಿಗೆ ಆಶ್ಚರ್ಯವಾಯಿತು. ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ ಎಂದರು ಅವರು. ಮಲಗಿದಾಗ ಗಂಟಲಿನ ಮಾಂಸ ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ; ಉಸಿರು ಸಿಗದೆ ಮೆದುಳು ಗಾಬರಿಬಿದ್ದು ಒಂದು ಕ್ಷಣ ಎಬ್ಬಿಸುತ್ತದೆ; ಎದ್ದದ್ದು ಮಲಗಿದವನಿಗೇ ಗೊತ್ತಾಗುವುದಿಲ್ಲ. ಹಾಗಾಗಿ ರಾತ್ರಿಯೆಲ್ಲ ಮಲಗಿದರೂ ನಿದ್ದೆಯಾಗಿರುವುದಿಲ್ಲ, ಹೃದಯಕ್ಕೂ ಪೆಟ್ಟು. ಗೊರಕೆ ಹೊಡೆಯುವವರೆಲ್ಲರಿಗೂ ಇದಿರುತ್ತದೆ ಎಂದಲ್ಲ, ದಪ್ಪಗಿಲ್ಲದವರಿಗೂ ಬರಬಹುದು. ಯಾರಿಗೆ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೋ, ಹಗಲು ತೂಕಡಿಕೆ ತಡೆಯಲಾಗುವುದಿಲ್ಲವೋ, ಅಂಥವರು ತೋರಿಸಿಕೊಳ್ಳಲೇಬೇಕು.

"ಹಾಸಿಗೆ ಬದಲಾಯಿಸಿದ್ರೆ ಏನಾದ್ರೂ..." ಎಂದು ಮೇಸ್ತ್ರಿ ಕೊನೆಯ ಆಸೆಯಿಂದ ಕೇಳಿದ.

"ಹಂಸದ ಗರಿ ತುಂಬಿಸಿ ಹೊಲಿದ್ರೂ ಅಷ್ಟೇ" ಎಂದರು ಡಾಕ್ಟರಮ್ಮ.

ಪರೀಕ್ಷೆಗೆ ಮನೆಗೇ ಒಂದು ಸಣ್ಣ ಪೆಟ್ಟಿಗೆ ಕೊಟ್ಟು ಕಳಿಸಿದರು. ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ಪು, ಮೂಗಿನಡಿ ಒಂದು ನಳಿಕೆ ಕಟ್ಟಿಕೊಂಡು ಮೇಸ್ತ್ರಿ ಮಲಗಿದ. ಎಷ್ಟು ಸಲ ಉಸಿರು ನಿಂತಿದೆ ಎಂದು ಡಾಕ್ಟರಮ್ಮ ಲೆಕ್ಕ ಹೇಳಿದಾಗ, ಪರವಾಗಿಲ್ಲ, ಒಂದು ರಾತ್ರಿಗೆ ಅಷ್ಟು ತಾನೇ ಎಂದ. ಅದು ಒಂದು ಗಂಟೆಗೆ ಎಂದರು ಅವರು. ಮೇಸ್ತ್ರಿ ಹೆಂಡತಿಯ ಕೈ ಹಿಡಿದುಕೊಂಡ. ಅಷ್ಟು ಸಲವೂ ಇವಳು ಕಾದಿದ್ದಾಳೆ ಎಂಬುದೇ ಅವನಿಗೆ ದೊಡ್ಡದಾಗಿ ಕಂಡಿತು.

ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು, ರಾತ್ರಿ ಮುಖಕ್ಕೆ ಮಾಸ್ಕು ಹಾಕಿಕೊಂಡು ಮಲಗಬೇಕು, ತಾನು ಹೇಳುವ ತನಕ ವಾಹನ ಓಡಿಸಕೂಡದು ಎಂದು ಅಪ್ಪಣೆಯಾಯಿತು. ಮಾಸ್ಕೆಂದರೆ ಮೂಗಿನ ಮೇಲೆ ಕೂರುವ ಬಟ್ಟಲು, ಅದಕ್ಕೆ ಮಂಚದ ಪಕ್ಕದ ಸಣ್ಣ ಯಂತ್ರದಿಂದ ಕೊಳವೆ ಬರುತ್ತದೆ. ಒಳಗೆ ಬರುವ ಗಾಳಿ ಗಂಟಲನ್ನು ಮುಚ್ಚಲು ಬಿಡುವುದಿಲ್ಲ. ಮಗ್ಗುಲಾಗಿ ಮಲಗುವ ಪಾಠ ಮೇಸ್ತ್ರಿಗೆ ಸುಲಭವಾಯಿತು. ಬನಿಯನ್ನಿನ ಬೆನ್ನಿಗೆ ಹತ್ತಿಯ ಗಟ್ಟಿ ಉಂಡೆ ಹೊಲಿದುಕೊಂಡ, ಅಂಗಾತವಾದರೆ ಅದೇ ಒತ್ತಿ ಎಬ್ಬಿಸುತ್ತಿತ್ತು. ಮಾಸ್ಕು ಮಾತ್ರ ಒಂದು ವಾರ ಯುದ್ಧ ಮಾಡಿತು. ಮೊದಲು ಪಟ್ಟಿ ಕೆನ್ನೆ ಕೊರೆಯಿತು. ಅದಕ್ಕೆ ಮೆತ್ತನೆಯ ಗವಸು ಹೊಲಿದ. ಆಮೇಲೆ ಮೀಸೆಯ ಸಂದಿಯಿಂದ ಗಾಳಿ ಸೋರಿ ಬುಸುಬುಸು ಎಂದಿತು. ಆ ಮೀಸೆ ತೆಗೆಯುವ ಮಾತೆತ್ತಿದರೆ ಮೇಸ್ತ್ರಿ ಕಿವುಡನಾಗುತ್ತಿದ್ದ. ಹೆಂಡತಿ ಅವನನ್ನು ಎಳೆದುಕೊಂಡು ಹೋಗಿ ಕ್ಷೌರದ ಕುರ್ಚಿಯಲ್ಲಿ ಕೂರಿಸಿದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರೆ. ನಿಂದು ಉಸಿರಿಗೆ ದಾರಿಯಿಲ್ಲ, ಮೀಸೆಗೆ ಎಣ್ಣೆ" ಎಂದು ಕ್ಷೌರದವನು ಎರಡೇ ಎಳೆತಕ್ಕೆ ಮೀಸೆ ತೆಗೆದ. ಕನ್ನಡಿಯಲ್ಲಿ ಕಂಡ ಬೋಳು ಮುಖ ಮೇಸ್ತ್ರಿಗೆ ತನ್ನ ಸೋದರಮಾವನಂತೆ ಕಂಡು, ಬೈಯಲು ಶುರುಮಾಡುತ್ತದೇನೋ ಅನ್ನಿಸಿತು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಎದ್ದು ಕೂತ ಮೇಸ್ತ್ರಿ ಏನನ್ನೋ ಕಳೆದುಕೊಂಡವನಂತೆ ಹಣೆ ತಡವಿಕೊಂಡ. ತಲೆನೋವು ಇರಲಿಲ್ಲ. ಬಾಯಿ ಒಣಗಿರಲಿಲ್ಲ. ಹೊರಗೆ ಬೀದಿ ಯಾರೋ ತೊಳೆದಿಟ್ಟ ಹಾಗೆ ಕಂಡಿತು. ಮಧ್ಯಾಹ್ನದೊಳಗೆ ಒಂದು ಹಾಸಿಗೆ ಪೂರ್ತಿ ಹೊಲಿದು, ಹೊಲಿಯುವಾಗ ಸಿಳ್ಳೆ ಹಾಕಿದ. ಹೆಂಡತಿ ತನ್ನ ಯಂತ್ರ ನಿಲ್ಲಿಸಿ ಅವನ ಸಿಳ್ಳೆ ಕೇಳಿದಳು. ಆ ಸಿಳ್ಳೆ ನಿಂತು ಹೋಗಿ ಎಷ್ಟು ವರ್ಷವಾಯಿತು ಎಂದು ಅವಳಿಗೆ ಆಗಲೇ ನೆನಪಾದದ್ದು.

ತೊಂದರೆಯಾದದ್ದು ಅಂಗಡಿಗೆ. ಊಟ ಮುಗಿಸಿ ಗಾಜಿನ ಹಿಂದೆ ಮಲಗಿದ ಮೇಸ್ತ್ರಿಗೆ ನಿದ್ದೆ ಬರಲಿಲ್ಲ. ಈ ಮಗ್ಗುಲು, ಆ ಮಗ್ಗುಲು ಹೊರಳಿದ, ಕಣ್ಣು ಮುಚ್ಚಿ ಕುರಿ ಎಣಿಸಿದ, ಏನೂ ಇಲ್ಲ. ಹೊರಗೆ ನಿಂತಿದ್ದ ಹೆಂಗಸೊಬ್ಬಳು ಒಳಗೆ ಬಂದು, ಈ ಸಲದ ಹಾಸಿಗೆ ಅಷ್ಟು ಚೆನ್ನಾಗಿಲ್ಲವೇನೋ ಎಂದಳು. ಮರುದಿನ ಅವನು ಕಣ್ಣು ಮುಚ್ಚಿ ಗೊರಕೆ ನಟಿಸಿದ. ಶಾಲೆಯಿಂದ ಬರುತ್ತಿದ್ದ ಮಕ್ಕಳು ಗಾಜಿಗೆ ಮೂಗು ಒತ್ತಿ, ಕಳ್ಳ ಗೊರಕೆ ಎಂದು ಹಾಡು ಕಟ್ಟಿದರು. ಮೇಸ್ತ್ರಿ ಎದ್ದು ಕೂತು ಅವರೊಂದಿಗೆ ನಕ್ಕು, ಮಂಚವನ್ನು ಗಾಜಿನ ಹಿಂದಿನಿಂದ ತೆಗೆಸಿಬಿಟ್ಟ. ಅಂದಿನಿಂದ ಹಾಸಿಗೆ ಕೇಳಿ ಬಂದವರಿಗೆ ಅವನೇ ಪ್ರಶ್ನೆ ಕೇಳತೊಡಗಿದ. ಹಳೆಯ ಹಾಸಿಗೆಗೆ ಏನಾಗಿದೆ? ಬೆಳಿಗ್ಗೆ ತಲೆ ನೋಯುತ್ತಾ? ರಾತ್ರಿ ಉಸಿರು ನಿಲ್ಲುತ್ತಾ, ಮನೆಯವರನ್ನ ಕೇಳಿದ್ದೀರಾ? ಹೌದೆಂದವರಿಗೆ ಹಾಸಿಗೆ ಮಾರದೆ ಡಾಕ್ಟರಮ್ಮನ ವಿಳಾಸ ಕೊಟ್ಟು ಕಳಿಸುತ್ತಿದ್ದ. ಮೇಸ್ತ್ರಿ ಆಸ್ಪತ್ರೆಗೆ ಗಿರಾಕಿ ಹಿಡಿಯುವ ಕೆಲಸಕ್ಕೆ ಸೇರಿದ್ದಾನೆ ಎಂದು ಕ್ಷೌರದವನು ಬೀದಿಗೆಲ್ಲ ಸಾರಿದ. ಹೋದವರು ತಿರುಗಿ ಬಂದು ಹಾಸಿಗೆಯನ್ನೂ ಕೊಂಡಾಗ ಅವನ ಬಾಯಿ ಮುಚ್ಚಿತು.

ಮೇಸ್ತ್ರಿ ರಾತ್ರಿ ನೆಟ್ಟಗೆ ಮಲಗುತ್ತಿದ್ದರೂ ಹೆಂಡತಿಯ ಕಾವಲು ನಿಂತಿರಲಿಲ್ಲ. ಈಗ ಅವಳು ಯಂತ್ರದ ಗಾಳಿಯ ಸದ್ದಿಗೆ ಕಿವಿಗೊಟ್ಟು ಎಚ್ಚರವಿರುತ್ತಿದ್ದಳು. ಕರೆಂಟು ಹೋದರೆ, ಕೊಳವೆ ಕಳಚಿದರೆ ಎಂದು ಅವಳಿಗೆ ಭಯ. ಮಲಗೇ, ನಾನು ಚೆನ್ನಾಗಿದ್ದೀನಿ ಎಂದು ಅವನು ಎಷ್ಟು ಹೇಳಿದರೂ ಹೂಂ ಎನ್ನುತ್ತಿದ್ದಳೇ ಹೊರತು ಕಣ್ಣಿನ ಕೆಳಗಿನ ಕಪ್ಪು ಹೋಗಲಿಲ್ಲ. ಮೇಸ್ತ್ರಿಗೆ ಇದೊಂದು ಮುಳ್ಳಾಗಿ ಉಳಿಯಿತು.

ಕೊನೆಗೆ ಡಾಕ್ಟರಮ್ಮ ಯಂತ್ರದ ದಾಖಲೆ ನೋಡಿ, ಹಗಲಿನ ತೂಕಡಿಕೆ ಹೋಗಿದೆಯೇ ಎಂದು ಗಂಡನನ್ನಲ್ಲ, ಹೆಂಡತಿಯನ್ನು ಕೇಳಿ, ಇನ್ನು ವಾಹನ ಓಡಿಸಬಹುದು ಎಂದರು. ಹೆಂಡತಿ ಸೂಜಿ ಡಬ್ಬಿ ತೆರೆದು ಕೀಲಿ ಕೊಟ್ಟಳು. ಕೊಡುವಾಗ ಅದನ್ನು ಸ್ವಲ್ಪ ಹೊತ್ತು ಬಿಡದೆ ಹಿಡಿದುಕೊಂಡಿದ್ದಳು.

ನೆತ್ತಿಗೆ ಹಾಸಿಗೆ ಕಟ್ಟಿ ಹಗ್ಗವನ್ನು ಎರಡೆರಡು ಸಲ ಬಿಗಿದು ಇಬ್ಬರೂ ಹೊರಟರು. ಅವಳು ಬಾಗಿಲು ಹಾಕಿಕೊಳ್ಳುವುದಕ್ಕೂ ಮೊದಲೇ ಮಾತು ಶುರುಮಾಡಿದ್ದಳು. ಮೂಲೆಮನೆಯವರು ಹೊಸ ಪರದೆ ತಂದರಂತೆ, ಅಳತೆ ತಪ್ಪಿ ಅದು ಮೊಣಕಾಲಿಗೆ ಬಂತಂತೆ, ಅತ್ತೆ ಸೊಸೆಯನ್ನೂ ಸೊಸೆ ಗಂಡನನ್ನೂ ಬೈದರಂತೆ. ಮಾತಿನ ನಡುವೆ ತೋಳು ಚಿವುಟುತ್ತಿದ್ದಳು. ಮೇಸ್ತ್ರಿ ಒಂದು ಮಾತನ್ನೂ ಬಿಡದೆ ಕೇಳಿದ, ಚಿವುಟಿದಾಗಲೆಲ್ಲ ಹೂಂ ಎಂದ.

ಇಳಿಜಾರಿನ ಸಿಗ್ನಲ್ಲು ಬಂತು. ಕೆಂಪು. ಅವಳ ಮಾತು ನಿಂತಿತು. ಅವಳು ಬ್ರೇಕಿನ ಮೇಲಿದ್ದ ತನ್ನ ಕಾಲನ್ನೇ ನೋಡುತ್ತಿದ್ದಾಳೆಂದು ಮೇಸ್ತ್ರಿಗೆ ನೋಡದೆಯೇ ಗೊತ್ತಾಯಿತು. ಅವನು ಬ್ರೇಕು ಒತ್ತಿ ಹಿಡಿದು ಕೂತ. ಜನ ದಾಟಿದರು, ತಳ್ಳುಗಾಡಿಯೊಂದು ದಾಟಿತು. ಹಸಿರು ದೀಪ ಬಂತು. ವ್ಯಾನು ಮೆಲ್ಲಗೆ ಮುಂದೆ ಹೋಯಿತು, ಆ ದೀಪದ ಕಂಬ ಪಕ್ಕದಲ್ಲಿ ಹಾದು ಹಿಂದಾಯಿತು.

"ಎಲ್ಲಿಗೆ ಬಂದಿದ್ದೆ? ಹಾಂ, ಪರದೆ. ಆಮೇಲೆ ಆ ಸೊಸೆ ಏನು ಮಾಡಿದ್ಲಪ್ಪಾ ಅಂದ್ರೆ..." ಎಂದಳು ಅವಳು.

ಮೇಸ್ತ್ರಿ ಕಾದ. ಸೊಸೆ ಏನೂ ಮಾಡಲಿಲ್ಲ. ತಿರುಗಿ ನೋಡಿದರೆ ಹೆಂಡತಿ ಕಿಟಕಿಗೆ ತಲೆ ಆನಿಸಿ, ಬಾಯಿ ಒಂದಿಷ್ಟು ತೆರೆದು, ಚಿವುಟುತ್ತಿದ್ದ ಕೈಯನ್ನು ಮಡಿಲಲ್ಲಿ ಬಿಟ್ಟು ನಿದ್ದೆಹೋಗಿದ್ದಳು. ಸಣ್ಣಗೆ ಗೊರಕೆಯೂ ಬರುತ್ತಿತ್ತು. ಮೇಸ್ತ್ರಿ ವ್ಯಾನಿನ ವೇಗ ಇಳಿಸಿ ಅದನ್ನು ಕೇಳಿದ. ಬಂತು, ಹೋಯಿತು, ಬಂತು, ಹೋಯಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಇನ್ನೊಬ್ಬರ ಉಸಿರಿಗೆ ಅವನು ಕಿವಿಗೊಟ್ಟದ್ದು ಅದೇ ಮೊದಲು. ಸಂತೋಷಕ್ಕೋ ಸಂಕಟಕ್ಕೋ ಅವನ ಕಣ್ಣು ಮಂಜಾಯಿತು. ತಟ್ಟನೆ ಒರೆಸಿಕೊಂಡು ದಾರಿ ನೋಡಿದ.

ಗುಂಡಿ ತಪ್ಪಿಸಿ, ಹಾರ್ನು ಒತ್ತದೆ, ಹಾಸಿಗೆ ಕೊಡಬೇಕಾದ ಮನೆ ಮುಟ್ಟಿದ. ಹೊರಗೆ ಬಂದ ಮನೆಯ ಯಜಮಾನರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಇಬ್ಬರೂ ಕಳ್ಳರಂತೆ ಹಗ್ಗ ಬಿಚ್ಚಿ ಹಾಸಿಗೆ ಇಳಿಸಿ ಒಳಗಿಟ್ಟು ಬಂದರು. ಯಜಮಾನರು ಕಿಟಕಿಯ ಹತ್ತಿರ ಬಗ್ಗಿ ನೋಡಿದರು.

"ವ್ಯಾನಿನ ಸೀಟಲ್ಲೇ ಇಂಥ ನಿದ್ದೆ ಬಂದಿದೆ" ಎಂದು ಪಿಸುಗುಟ್ಟಿದರು. "ಮನೇಲಿ ಇವರಿಗೆ ಯಾವ ಹಾಸಿಗೆ ಹಾಕಿದ್ದೀರಿ ಮೇಸ್ತ್ರಿ? ನನಗೂ ಅದನ್ನೇ ಕೊಡಬಾರದಿತ್ತಾ?"

"ಹಾಸಿಗೇದು ಏನಿಲ್ಲ ಸಾರ್. ಪಕ್ಕದಲ್ಲಿ ಮಲಗೋನು ನೆಟ್ಟಗೆ ಉಸಿರಾಡ್ಬೇಕು, ಅಷ್ಟೇ."

ಯಜಮಾನರು ಒಳಗೆ ಹೋದ ಮೇಲೆ ಮೇಸ್ತ್ರಿ ಬಾಗಿಲನ್ನು ಸದ್ದಾಗದಂತೆ ತೆರೆದು ತನ್ನ ಸೀಟಿನಲ್ಲಿ ಕೂತ. ಕೀಲಿ ಕೈಯಲ್ಲೇ ಇತ್ತು, ತಿರುಗಿಸಲಿಲ್ಲ. ಪರದೆಯ ಕಥೆ ಅರ್ಧಕ್ಕೆ ನಿಂತಿತ್ತು. ಅವಳು ಎದ್ದು ಅದನ್ನು ಮುಗಿಸುವ ತನಕ ಕಾಯಲು ಅವನಿಗೆ ಯಾವ ಅವಸರವೂ ಇರಲಿಲ್ಲ.